ಒಂದು ಬೋಲ್ಟಿನ ಹೊಗೆ

ಹಾಸನದ ಕೈಗಾರಿಕಾ ಪ್ರದೇಶ, ಶೆಡ್ ನಂಬರ್ ನಲವತ್ತೊಂದು.
ಹ್ಯಾಂಬರ್ಗಿನಿಂದ ಬಂದ ಹಾಳೆ ಕೇಳುತ್ತದೆ:
ಒಂದು ಟನ್ನು ಬೋಲ್ಟಿಗೆ ಎಷ್ಟು ಹೊಗೆ?

ಇಪ್ಪತ್ತೆರಡು ವರ್ಷ ಇಲ್ಲಿ ನಾನು ಬರೆದದ್ದು
ಕಬ್ಬಿಣದ ತೂಕ, ಹಮಾಲಿ, ಲಾರಿ ಬಾಡಿಗೆ,
ಬೂದುಗುಂಬಳಕಾಯಿ ಸಮೇತ ಆಯುಧಪೂಜೆಯ ಖರ್ಚು.
ಹೊಗೆಯನ್ನು ಎಂದೂ ಬರೆದವಳಲ್ಲ.
ಅದು ಸಂಬಳ ಕೇಳಲಿಲ್ಲ, ರಜೆ ಹಾಕಲಿಲ್ಲ,
ಚಿಮಣಿಯಿಂದೆದ್ದು
ಗೊರೂರಿನ ಕಡೆಗೋ ಆಲೂರಿನ ಕಡೆಗೋ
ಗಾಳಿ ಕರೆದತ್ತ ಹೋಯಿತು.

"ಮಾಲಿನ್ಯದ ಲೆಕ್ಕ ಮಾಲಿನಿಗಲ್ಲದೆ ಇನ್ಯಾರಿಗೆ?"
ನಕ್ಕರು ಮಾಲೀಕರು ಚನ್ನಕೇಶವಯ್ಯ,
ನಗು ಮುಗಿಯುವ ಮೊದಲೇ ಕುಸಿದು ಕೂತರು.
ಆರ್ಡರಿನ ಮುಕ್ಕಾಲು ಪಾಲು ಆ ಕಡೆಯದು.
ನನ್ನ ಪೂರ್ತಿ ಹೆಸರು ಜ್ವಾಲಾಮಾಲಿನಿ,
ಬಸದಿಯ ಅಮ್ಮನ ಹೆಸರು. ಹಾಜರಿ ಪುಸ್ತಕದ ಗೆರೆಯೊಳಗೆ
ಅದರ ಬೆಂಕಿ ಹಿಡಿಸಲಿಲ್ಲ.

ಸರಿ, ಹುಡುಕಿದೆ.
ಕುಲುಮೆಯ ಖುದ್ದೂಸ್ ಸಾಬರು
ಮೊಣಕೈವರೆಗೆ ತೋರಿಸಿದರು: "ದಿನಾ ಇಷ್ಟು ಇಳಿಯುತ್ತೆ ಟ್ಯಾಂಕು.
ಸರಳು ತಣ್ಣಗಿದ್ರೆ ಇನ್ನೊಂದು ಗೇಣು."
ಗೇಣನ್ನು ಲೀಟರು ಮಾಡಿ, ಲೀಟರನ್ನು ಹೊಗೆ ಮಾಡಿ
ಪೆನ್ಸಿಲ್ಲಿನಲ್ಲಿ ಬರೆದಿಟ್ಟೆ.

ಕರೆಂಟು ಬಿಲ್ಲು ತೆಗೆದೆ. ಈ ಯೂನಿಟ್ಟು
ಶರಾವತಿಯ ನೀರಿನದೋ ರಾಯಚೂರಿನ ಕಲ್ಲಿದ್ದಲಿನದೋ
ಮೀಟರಿಗೆ ಗೊತ್ತಿಲ್ಲ. ತಂತಿಯೊಳಗೆ
ಹೊಳೆಯೂ ಬೂದಿಯೂ ಒಂದೇ ಬಣ್ಣ.

ಸರಳು ಬರುವುದು ಕೊಪ್ಪಳದ ಮಿಲ್ಲಿನಿಂದ.
ಫೋನು ಮಾಡಿದರೆ ಆ ಹುಡುಗ,
"ಮೇಡಂ, ಹೊಗೆಗೆ ಯಾರಾದ್ರೂ ಬಿಲ್ ಕೊಡ್ತಾರಾ?"

ಕೊಡದಿದ್ದರೆ?
ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರ:
ನೀವು ಹೇಳದಿದ್ದಲ್ಲಿ ಅಂಕಿಯನ್ನು ನಾವೇ ಹಾಕಿಕೊಳ್ಳುತ್ತೇವೆ.
ಆ ಅಂಕಿ ನೋಡಿದೆ.
ನಮ್ಮ ಚಿಮಣಿಗಿಂತ ಎಷ್ಟೋ ಕಪ್ಪು.

ಇದು ನನಗೆ ಹೊಸದಲ್ಲ.
ಹದಿನೇಳು ವರ್ಷದ ಹಿಂದೆ ಟ್ರಂಕು ಹಿಡಿದು
ತಿಪಟೂರಿನ ಬಸ್ಸಿಳಿದು ಪೆನ್ಷನ್ ಮೊಹಲ್ಲಾದ
ಮಹಡಿ ರೂಮು ಸೇರಿದಾಗ
ಯಾರಿಗೂ ಏನೂ ಹೇಳಲಿಲ್ಲ.
ಖಾಲಿ ಬಿಟ್ಟ ಕಾಲಂ ಓಣಿಯೇ ತುಂಬಿಕೊಂಡಿತು.
"ಬೆಂಕಿಯಿಲ್ಲದೆ ಹೊಗೆಯಾಡುತ್ತಾ?" ಅಂದರು
ಹಾಲಿನ ಬೂತಿನ ಸಾಲಿನಲ್ಲಿ.
ಬೆಂಕಿ ಇತ್ತು.
ಯಾರ ಮನೆಯದೆಂದು ಯಾರೂ ಅಳೆಯಲಿಲ್ಲ.

"ಇನ್ನೂರು ವರ್ಷ ಸುಟ್ಟು ಶ್ರೀಮಂತರಾದವರು
ಈಗ ನಮ್ಮ ಒಲೆಯ ಮುಂದೆ ತಕ್ಕಡಿ ಹಿಡಿದು ನಿಂತರು!
ಟರ್ಕಿಯವನು ಕರೆಂಟಿನ ಕುಲುಮೆ ಹಾಕಿಸಿದನಂತೆ,
ಅವನಿಗೆ ಸಾಲ ಕೊಟ್ಟವರ ವಿಳಾಸ ನನಗೂ ಕೊಡಲಿ."
ಚನ್ನಕೇಶವಯ್ಯನವರ ಮಾತು ಸುಳ್ಳಲ್ಲ.
ಬಡವರ ಊಟಿ ಎನಿಸಿಕೊಂಡ ಈ ಊರಲ್ಲಿ
ಏಪ್ರಿಲ್ಲಿನ ಮಧ್ಯಾಹ್ನ ಖುದ್ದೂಸ್ ಸಾಬರು
ಕುಲುಮೆಯ ಬಾಯಲ್ಲೇ ತಲೆ ತಿರುಗಿ ಬಿದ್ದದ್ದೂ ಸುಳ್ಳಲ್ಲ.
ಎರಡನ್ನೂ ಒಂದೇ ಪುಟದಲ್ಲಿ ಕೂಡಿಸುವ ವಿದ್ಯೆ
ನಾನು ಓದಿದ ಬಿ.ಕಾಂನಲ್ಲಿ ಇರಲಿಲ್ಲ.

ನಮ್ಮಜ್ಜಿ ನೀರು ಸೋಸಿ ಕುಡಿಯುತ್ತಿದ್ದಳು.
ಸೋಸಿದ ಬಟ್ಟೆಯನ್ನು ಮತ್ತದೇ ಬಾವಿಗೆ ಜಾಲಿಸಿ
ಕಾಣದ ಜೀವಗಳನ್ನು ಮನೆಗೆ ಕಳಿಸುತ್ತಿದ್ದಳು.
ಯಾರೂ ದಂಡ ಹಾಕುವವರಿರಲಿಲ್ಲ.
ಹುಚ್ಚು ಅಂದುಕೊಂಡಿದ್ದೆ, ಹತ್ತು ವರ್ಷದವಳು.

ರಾತ್ರಿ ಎಂಟೂವರೆಗೆ ಹಾಳೆ ಕಳಿಸಿದೆ.
ಎಣ್ಣೆಯ ಹೊಗೆ, ಕರೆಂಟಿನ ಹೊಗೆ, ದಶಾಂಶ ಸಮೇತ.
ಕೊಪ್ಪಳದ ಕಾಲಂನಲ್ಲಿ
"ಕೇಳಿದ್ದೇನೆ, ನಾಳೆ ಮತ್ತೆ ಕೇಳುತ್ತೇನೆ" ಎಂದೆ.
ಸಹಿಯ ಜಾಗದಲ್ಲಿ ಪೂರ್ತಿ ಹೆಸರು,
ಗೆರೆ ದಾಟಿದರೆ ದಾಟಲಿ.

ಆಗಲೇ ಕರೆಂಟು ಹೋಯಿತು.
ಹಿಂದಿನ ಜನರೇಟರು ಎರಡು ಸಲ ಕೆಮ್ಮಿ ಹತ್ತಿಕೊಂಡಿತು.
ಮೊಬೈಲಿನ ಬೆಳಕಿನಲ್ಲಿ ಹೊಸ ಪುಟ ತಿರುಗಿಸಿ
ಗಂಟೆ ಬರೆದುಕೊಂಡೆ.